ಕೊರಳಿನ ಜಪಸರ: ಸಂತ ಜೋಸೆಫ್ ವಾಜರ ಬಾಳಿನಲ್ಲಿ ದೈವಚಿತ್ತದ ಅನ್ವೇಷಣೆ

ಇಗರ್ಜಿಯೊಂದರ ಶತಮಾನೋತ್ಸವದ ಸ್ಮರಣ ಸಂಚಿಕೆಯೆಂದರೆ ಅಡಿಗಲ್ಲನ್ನಿಟ್ಟವರು ಯಾರು, ಗಂಟೆ ಎಲ್ಲಿಂದ ಬಂತು, ಯಾವ ವಿಚಾರಣೆ ಗುರುಗಳ ಕಾಲದಲ್ಲಿ ಮಾಡಿಗೆ ಹಂಚು ಹೊದಿಸಲಾಯಿತು ಎಂಬ ವಿವರಗಳನ್ನು ಓದುಗರು ನಿರೀಕ್ಷಿಸುವುದು ಸಹಜ. ನಾನು ಬರೆಯಹೊರಟಿರುವುದು ಇಗರ್ಜಿಯ ಇತಿಹಾಸವಲ್ಲ. ಇಗರ್ಜಿಯೂ ಇಲ್ಲದೆ, ಯಾಜಕರೂ ಇಲ್ಲದೆ, ಪೂಜೆಯ ಗಂಟೆಯನ್ನು ಸುಮಾರು ಮೂವತ್ತು ವರುಷಗಳ ಕಾಲ ಕೇಳದೆ ಬಾಳಿದ ಕಥೋಲಿಕ ಕುಟುಂಬಗಳ ಇತಿಹಾಸ. ಹಾಗೂ ಅವರನ್ನು ಹುಡುಕುತ್ತ ನಮ್ಮ ಕರಾವಳಿಯ ದಾರಿಗಳಲ್ಲಿ ಬರಿಗಾಲಿನಲ್ಲಿ ನಡೆದುಹೋದ ಒಬ್ಬ ಯಾಜಕರ ಇತಿಹಾಸ. 'ದೇವರ ಚಿತ್ತದಂತೆ ಆಗಲಿ' ಎಂದು ನಾವು ದಿನವೂ ಪ್ರಾರ್ಥಿಸುತ್ತೇವೆ. ಆ ಚಿತ್ತವು ಯಾವುದೆಂದು ನಿತ್ಯಜೀವನದಲ್ಲಿ ತಿಳಿದುಕೊಳ್ಳುವ ಬಗೆ ಹೇಗೆ ಎಂಬ ಪ್ರಶ್ನೆಗೆ ಉಪದೇಶಕ್ಕಿಂತ ಹೆಚ್ಚು ಸ್ಪಷ್ಟವಾದ ಉತ್ತರವು ಈ ಇತಿಹಾಸದಲ್ಲಿ ದೊರೆಯುತ್ತದೆಂದು ನನಗೆ ತೋರುತ್ತದೆ.

ಜೋಸೆಫ್ ವಾಜರು 1651ನೆಯ ಏಪ್ರಿಲ್ 21ರಂದು ಗೋವೆಯ ಸಾಸಷ್ಟಿ ಪ್ರಾಂತ್ಯದ ಬೆಣಾವಲಿಯಲ್ಲಿ, ತಾಯಿಯ ತವರಿನಲ್ಲಿ, ಜನಿಸಿದರು. ತಂದೆಯ ಊರು ಸಾಂಕ್ವಾಳ. ಗೋವೆಯ ಯೇಸುಸಭೆಯವರ ಕಾಲೇಜಿನಲ್ಲಿಯೂ ಅನಂತರ ದೊಮಿನಿಕನ್ ಸಭೆಯವರ ವಿದ್ಯಾಸಂಸ್ಥೆಯಲ್ಲಿಯೂ ಕಲಿತು 1676ರಲ್ಲಿ ಯಾಜಕದೀಕ್ಷೆ ಪಡೆದರು. ದೀಕ್ಷೆಯಾದಂದಿನಿಂದ ಪಾದರಕ್ಷೆಗಳನ್ನು ತ್ಯಜಿಸಿ ಬಡವರಂತೆ ಬರಿಗಾಲಿನಲ್ಲಿ ನಡೆಯತೊಡಗಿದರು. ಮರುವರ್ಷ, 1677ನೆಯ ಆಗಸ್ಟ್ 5ರಂದು, ತಮ್ಮನ್ನು ತಾವೇ ಮಾತೆ ಮರಿಯಮ್ಮನವರ ದಾಸನೆಂದು ಒಪ್ಪಿಸಿಕೊಂಡು ಒಂದು ಪತ್ರವನ್ನು ಬರೆದಿಟ್ಟರು. ಮಾರಾಟದ ಕರಾರುಪತ್ರವನ್ನು ಬರೆಯುವಂತೆ ಬರೆದ ಪತ್ರವದು. ದಾಸರನ್ನು ಕೊಳ್ಳುವುದು ಮಾರುವುದು ಕಣ್ಣೆದುರಿಗೇ ನಡೆಯುತ್ತಿದ್ದ ಕಾಲದಲ್ಲಿ ದಾಸನೆಂಬ ಶಬ್ದವು ಬರಿಯ ಅಲಂಕಾರವಾಗಿರಲಿಲ್ಲವೆಂಬುದನ್ನು ಇಂದಿನ ಓದುಗರು ನೆನಪಿನಲ್ಲಿಡಬೇಕು. ತನ್ನ ಇಷ್ಟವನ್ನು ಒಡೆಯನ ವಶಕ್ಕೆ ಒಪ್ಪಿಸಿದವನು ನಾಳೆ ಎಲ್ಲಿಗೆ ಹೋಗಬೇಕೆಂದು ತಾನೇ ನಿಶ್ಚಯಿಸುವಂತಿಲ್ಲ.

ಆ ನಾಳೆ ಬೇಗನೆ ಬಂತು. ಸಿಂಹಳ ದ್ವೀಪದ ಕಥೋಲಿಕರು ಡಚ್ಚರ ಆಳ್ವಿಕೆಯಲ್ಲಿ ಯಾಜಕರಿಲ್ಲದೆ ಕಷ್ಟಪಡುತ್ತಿರುವ ಸುದ್ದಿ ವಾಜರ ಕಿವಿಗೆ ಬಿದ್ದು, ಅಲ್ಲಿಗೆ ಹೋಗಬೇಕೆಂಬ ಹಂಬಲ ಅವರಲ್ಲಿ ಮೊಳೆಯಿತು. ಆದರೆ ಗೋವೆಯ ಮೇಲಧಿಕಾರಿಗಳು 1681ರಲ್ಲಿ ಅವರನ್ನು ಕಳುಹಿಸಿದ್ದು ಸಿಂಹಳಕ್ಕಲ್ಲ, ನಮ್ಮ ಕೆನರಾ ಪ್ರಾಂತ್ಯಕ್ಕೆ.

ಕೆನರಾ ಆಗ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿತ್ತು. ಒಂದು ತಲೆಮಾರಿನ ಹಿಂದೆ, 1652ರಿಂದ 1654ರ ನಡುವೆ, ಶಿವಪ್ಪ ನಾಯಕನು ಹೊನ್ನಾವರ, ಗಂಗೊಳ್ಳಿ, ಬಸ್ರೂರು, ಮಂಗಳೂರು ಕೋಟೆಗಳನ್ನು ಪೋರ್ಚುಗೀಸರಿಂದ ಕಸಿದುಕೊಂಡಿದ್ದನು. ಕೋಟೆಗಳೊಡನೆ ಅವುಗಳ ಆಶ್ರಯದಲ್ಲಿದ್ದ ಇಗರ್ಜಿಗಳೂ ದಿಕ್ಕೆಟ್ಟವು. ಗೋವೆಯಿಂದ ವಲಸೆ ಬಂದು ಗದ್ದೆಗಳನ್ನು ಸಾಗುವಳಿ ಮಾಡಿಕೊಂಡಿದ್ದ ಕ್ರೈಸ್ತರು ಹಳ್ಳಿಹಳ್ಳಿಗಳಲ್ಲಿ ಚದುರಿದ್ದರು. ಇಷ್ಟು ಸಾಲದೆಂಬಂತೆ ಸಭೆಯೊಳಗೇ ಒಂದು ಒಡಕು ಹುಟ್ಟಿಕೊಂಡಿತ್ತು. ಪೂರ್ವದೇಶಗಳ ಇಗರ್ಜಿಗಳಿಗೆ ಆಶ್ರಯವಿತ್ತುದಕ್ಕೆ ಪ್ರತಿಯಾಗಿ ಧರ್ಮಾಧ್ಯಕ್ಷರನ್ನು ಸೂಚಿಸುವ ಹಕ್ಕನ್ನು ಜಗದ್ಗುರುಗಳು ಹಿಂದೆ ಪೋರ್ಚುಗಲ್ಲಿನ ಅರಸರಿಗೆ ಕೊಟ್ಟಿದ್ದರು. ಇದಕ್ಕೆ ಪದ್ರುವಾದೊ ಎಂದು ಹೆಸರು. ಆ ಅರಸರ ಬಲ ಕುಗ್ಗಿದಾಗ, 1622ರಲ್ಲಿ ರೋಮಿನಲ್ಲಿ ಸ್ಥಾಪಿತವಾಗಿದ್ದ ಪ್ರೊಪಗಾಂಡ ಎಂಬ ಸುವಾರ್ತಾ ಪ್ರಸಾರ ಪೀಠವು ನೇರವಾಗಿ ಧರ್ಮಾಧ್ಯಕ್ಷರನ್ನು ಕಳುಹಿಸತೊಡಗಿತು. ಗೋವೆಯವರೇ ಆದ ತೋಮಾಸ್ ದೆ ಕಾಸ್ತ್ರೊ ಎಂಬ ಧರ್ಮಾಧ್ಯಕ್ಷರು ಹೀಗೆ 1670ರ ದಶಕದಲ್ಲಿ ಕೆನರಾಕ್ಕೆ ಬಂದರು. ಗೋವೆ ಅವರನ್ನು ಮಾನ್ಯ ಮಾಡಲಿಲ್ಲ. ಒಂದು ಪಕ್ಷದ ಯಾಜಕರು ನೆರವೇರಿಸಿದ ಮದುವೆ ಮದುವೆಯೇ ಅಲ್ಲ, ಅವರು ಕೊಟ್ಟ ಪಾಪವಿಮೋಚನೆ ವಿಮೋಚನೆಯೇ ಅಲ್ಲ ಎಂದು ಇನ್ನೊಂದು ಪಕ್ಷದವರು ಸಾರತೊಡಗಿದರು. ಇಬ್ಬರು ಮೇಲಧಿಕಾರಿಗಳ ನಡುವೆ ಸಿಕ್ಕಿದ ಬಡ ಒಕ್ಕಲಿಗನ ಆತ್ಮದ ಗತಿಯೇನು?

ಇಂಥ ಬೆಂಕಿಗೆ ವಾಜರನ್ನು ಗೋವೆಯ ಪ್ರತಿನಿಧಿಯಾಗಿ ಕಳುಹಿಸಲಾಯಿತು. ಅವರ ವಯಸ್ಸು ಆಗ ಮೂವತ್ತು. ಅವರಿಗೆ ಒಪ್ಪಿಸಿದ ಪಕ್ಷ ಸ್ಪಷ್ಟವಾಗಿತ್ತು; ಆ ವಿಧೇಯತೆಯನ್ನು ಅವರು ಮುರಿಯಲಿಲ್ಲ. ಆದರೆ ರೋಮಿನಿಂದ ಬಂದ ಧರ್ಮಾಧ್ಯಕ್ಷರನ್ನು ಶತ್ರುವೆಂದು ಕಾಣದೆ ಗೌರವದಿಂದ ನಡೆದುಕೊಂಡರು. ವಾದಕ್ಕಿಂತ ಸಂಧಾನವನ್ನೂ, ತಮ್ಮ ಪಕ್ಷದ ಜಯಕ್ಕಿಂತ ಜನರ ಮನಶ್ಶಾಂತಿಯನ್ನೂ ಬಯಸಿದರು. ಜಗಳ ಅವರಿಂದ ಮುಗಿಯಿತೆಂದು ಹೇಳಿದರೆ ಅದು ಭಕ್ತಿಯ ಅತಿಶಯೋಕ್ತಿಯಾದೀತು. ಎರಡು ಅಧಿಕಾರಗಳ ಈ ತಿಕ್ಕಾಟ ಭಾರತದ ಸಭೆಯಲ್ಲಿ ಅನಂತರವೂ ಬಹುಕಾಲ ಮುಂದುವರಿಯಿತು. ಅವರು ಮಾಡಿದ್ದು ಇನ್ನೊಂದು ಕೆಲಸ. ಮಂಗಳೂರು, ಬಸ್ರೂರು, ಗಂಗೊಳ್ಳಿ ಮುಂತಾದ ಕಡೆ ನಡೆದಾಡಿ, ಬಿದ್ದುಹೋಗಿದ್ದ ಪ್ರಾರ್ಥನಾಸ್ಥಳಗಳನ್ನು ಎತ್ತಿ ನಿಲ್ಲಿಸಿ, ಮಕ್ಕಳಿಗೆ ಧರ್ಮೋಪದೇಶ ಕಲಿಸಿ, ಭ್ರಾತೃಸಂಘಗಳನ್ನು ಕಟ್ಟಿ, ರೋಗಿಗಳ ಬಳಿಗೆ ಹಗಲಿರುಳೆನ್ನದೆ ಹೋಗುತ್ತಿದ್ದರು. ಮಂಗಳೂರಿನ ಬಳಿಯ ಮುಡಿಪು ಗುಡ್ಡದಲ್ಲಿ ಅವರು ಪ್ರಾರ್ಥಿಸಿದ ಸ್ಥಳದಲ್ಲಿ ನೀರಿನ ಬುಗ್ಗೆಗಳು ಚಿಮ್ಮಿದವೆಂಬ ಪ್ರತೀತಿ ಇಂದಿಗೂ ಜನರಲ್ಲಿದೆ. ಅಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರವಿದೆ.

1684ರಲ್ಲಿ ಗೋವೆಗೆ ಮರಳಿದರು. ಕೆನರಾದ ಮೂರು ವರುಷಗಳು ಬಯಸಿದ ಬಾಗಿಲು ಮುಚ್ಚಿ ಬಯಸದ ಬಾಗಿಲು ತೆರೆದ ವರುಷಗಳು. ಆದರೆ ಮುಂದೆ ಸಿಂಹಳದಲ್ಲಿ ಬೇಕಾದುದೆಲ್ಲವನ್ನೂ ಅವರು ಇಲ್ಲಿಯೇ ಕಲಿತರೆಂದು ನನ್ನ ನಂಬಿಕೆ: ಕ್ರೈಸ್ತನಲ್ಲದ ಅರಸನ ನಾಡಿನಲ್ಲಿ ಕ್ರೈಸ್ತನಾಗಿ ಬಾಳುವುದು, ಕೋಟೆಯ ಆಸರೆಯಿಲ್ಲದೆ ಸಭೆಯನ್ನು ಕಟ್ಟುವುದು, ಚದುರಿದ ಕುಟುಂಬಗಳನ್ನು ಊರೂರು ಅಲೆದು ಕೂಡಿಸುವುದು. ಗೋವೆಯಿಂದ ನೇರವಾಗಿ ಜಾಫ್ನಾಕ್ಕೆ ಹೋಗಿದ್ದರೆ ಅವರು ಅಲ್ಲಿ ಎಷ್ಟು ದಿನ ಉಳಿಯುತ್ತಿದ್ದರೋ ಹೇಳಲಾಗದು.

ಗೋವೆಯಲ್ಲಿ 1685ರಲ್ಲಿ ಅವರು ಪವಾಡಗಳ ಪವಿತ್ರ ಶಿಲುಬೆಯ ಇಗರ್ಜಿಯಲ್ಲಿ ಒಟ್ಟುಗೂಡಿದ್ದ ಕೆಲವು ದೇಶೀಯ ಯಾಜಕರೊಡನೆ ಸೇರಿದರು. ಸಂತ ಫಿಲಿಪ್ ನೇರಿಯವರ ನಿಯಮವನ್ನು ಅನುಸರಿಸಿದ ಈ ಸಮುದಾಯಕ್ಕೆ ಅವರೇ ಹಿರಿಯರಾಗಿ ಆಯ್ಕೆಯಾದರು. ಹೊಸ ಸಮುದಾಯ, ಕೈಗೆ ಬಂದ ಅಧಿಕಾರ. ಅಲ್ಲಿಯೇ ಉಳಿದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಒಂದೇ ವರ್ಷದಲ್ಲಿ ಅದನ್ನು ಬಿಟ್ಟು 1686ರಲ್ಲಿ ಮತ್ತೆ ಕರಾವಳಿಯ ದಾರಿ ಹಿಡಿದು ದಕ್ಷಿಣಕ್ಕೆ ನಡೆದರು. ಜೊತೆಗೆ ಜುವಾಂವ್ ಎಂಬ ಸೇವಕ ಯುವಕ. ಕೇರಳದ ತೀರವನ್ನು ದಾಟಿ ತೂತ್ತುಕುಡಿಗೆ ಬಂದು, ಯಾಜಕರ ನಿಲುವಂಗಿಯನ್ನು ಕಳಚಿ, ಕೂಲಿಯವರ ವೇಷದಲ್ಲಿ 1687ರಲ್ಲಿ ದೋಣಿ ಹತ್ತಿದರು.

ಸಿಂಹಳದ ಸ್ಥಿತಿ ಹೇಗಿತ್ತು? ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಜಾಫ್ನಾವನ್ನೂ ಪೋರ್ಚುಗೀಸರಿಂದ ಗೆದ್ದುಕೊಂಡರು. ಕಥೋಲಿಕ ಯಾಜಕರೆಲ್ಲ ಗಡೀಪಾರಾದರು. ಯಾಜಕನಿಗೆ ಮನೆಯಲ್ಲಿ ಆಶ್ರಯವಿತ್ತವನಿಗೆ ಮರಣದಂಡನೆಯೆಂದು ಡಂಗುರ ಸಾರಲಾಯಿತು. ಇಗರ್ಜಿಗಳು ಡಚ್ ಸುಧಾರಿತ ಸಭೆಯ ವಶವಾದವು. ಆದರೆ ಇವುಗಳಿಗಿಂತ ಸೂಕ್ಷ್ಮವಾದ ಒತ್ತಡ ಒಂದಿತ್ತು. ಸ್ಮರಣ ಸಂಚಿಕೆಗಳಲ್ಲಿ ಅದನ್ನು ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ. ಊರಿನ ಶಾಲೆಯಲ್ಲಿ 'ತೋಂಬು' ಎಂಬ ದಾಖಲೆ ಪುಸ್ತಕವಿರುತ್ತಿತ್ತು. ಸ್ನಾನದೀಕ್ಷೆ, ಮದುವೆಗಳು ಸರಕಾರದ ಸಭೆಯಲ್ಲಿ ನಡೆದು ಅದರಲ್ಲಿ ದಾಖಲಾದರೆ ಮಾತ್ರ ಸಂತಾನ ನ್ಯಾಯಬದ್ಧ. ತಂದೆಯ ಗದ್ದೆ ಮಗನಿಗೆ ಸಲ್ಲುವುದಕ್ಕೆ ಆ ದಾಖಲೆಯೇ ಆಧಾರ. ಸರಕಾರದ ಉದ್ಯೋಗವೂ ಆ ಸಭೆಯವರಿಗೇ. ಅಂದರೆ, ವಿಶ್ವಾಸಕ್ಕಾಗಿ ಪ್ರಾಣ ಕೊಡಬೇಕಾದ ಸಂದರ್ಭ ಕೆಲವರಿಗೆ ಮಾತ್ರ ಬಂದರೆ, ಮಕ್ಕಳ ಆಸ್ತಿಯೋ ಮನಸ್ಸಾಕ್ಷಿಯೋ ಎಂದು ಆರಿಸಿಕೊಳ್ಳಬೇಕಾದ ಸಂದರ್ಭ ಪ್ರತಿಯೊಂದು ಮನೆಗೂ ಬಂದಿತು.

ಬಹುಮಂದಿ ಎರಡನ್ನೂ ಮಾಡಿದರು. ದಾಖಲೆಗಾಗಿ ಸರಕಾರದ ಸಭೆಗೆ ಹೋದರು. ಮನೆಯಲ್ಲಿ ಬಾಗಿಲು ಮುಚ್ಚಿ ಜಪಸರ ಹೇಳಿದರು. ಅವರನ್ನು ಹೇಡಿಗಳೆಂದು ಜರೆಯುವ ಹಕ್ಕು ಯಾವ ದಾಖಲೆಗೂ ಹೆದರಬೇಕಾಗಿಲ್ಲದ ನಮಗೆ ಇಲ್ಲ. ಊರಿನ ಹಿರಿಯ ಗೃಹಸ್ಥರು ಪ್ರಾರ್ಥನೆ ನಡೆಸಿದರು, ಸಾಯುವವರ ಬಳಿ ಕುಳಿತರು, ಶವಗಳನ್ನು ಹೂಳಿದರು. ಮೂಪ್ಪು, ಅಣ್ಣಾವಿ ಎಂಬ ಹೆಸರುಗಳಿಂದ ಇಂಥ ಗೃಹಸ್ಥರು ಸಿಂಹಳದ ಸಭೆಯಲ್ಲಿ ಮುಂದೆಯೂ ಸೇವೆ ಸಲ್ಲಿಸಿದರು. ನಮ್ಮ ಕಡೆಯ ವಾಳೆಗಳಲ್ಲಿ ಗುರಿಕಾರರಿಗೆ ಇರುವ ಸ್ಥಾನವನ್ನು ಬಲ್ಲವರಿಗೆ ಇವರ ಪರಿಚಯ ಬೇರೆ ಬೇಡ.

ವಾಜರು ಈ ನೆಲಕ್ಕೆ ಕಾಲಿಟ್ಟುದು ದಾರುಣ ಸ್ಥಿತಿಯಲ್ಲಿ. ಬಿರುಗಾಳಿಗೆ ಸಿಕ್ಕಿದ ದೋಣಿ ಮನ್ನಾರಿನ ಕಡೆಗೆ ಒಯ್ಯಲ್ಪಟ್ಟು, ಅಲ್ಲಿಂದ ಹೇಗೋ ಜಾಫ್ನಾ ಸೇರಿದರು. ಬಂದವರಿಗೆ ರಕ್ತಭೇದಿ ತಗಲಿತು. ಗುರುತಿಲ್ಲದ ಇಬ್ಬರು ಪರದೇಶಿ ಭಿಕ್ಷುಕರು ಬಯಲಿನಲ್ಲಿ ಬಿದ್ದುಕೊಂಡಿದ್ದಾಗ ಕರುಣೆಯುಳ್ಳ ಕೆಲವು ಸ್ತ್ರೀಯರು ಗಂಜಿ ತಂದಿತ್ತು ಉಳಿಸಿದರೆಂದು ಅವರ ಚರಿತ್ರೆಯಲ್ಲಿ ಹೇಳಿದೆ. ಆ ಸ್ತ್ರೀಯರ ಹೆಸರು ಎಲ್ಲಿಯೂ ಇಲ್ಲ. ಸಿಂಹಳದ ಸಭೆಯ ಪುನರುತ್ಥಾನಕ್ಕೆ ಆ ಗಂಜಿಯೇ ಮೊದಲಾಯಿತು.

ಎದ್ದು ನಡೆಯುವಂತಾದ ಮೇಲೆ ಇನ್ನೊಂದು ಸಮಸ್ಯೆ ಎದುರಾಯಿತು. ಯಾರು ಕಥೋಲಿಕರು, ಯಾರು ಅಲ್ಲ? ಬಾಯಿ ಬಿಟ್ಟು ಕೇಳುವಂತಿಲ್ಲ. ಕೇಳಿದವನು ಗೂಢಚಾರನೆಂದು ಜನ ಹೆದರುತ್ತಾರೆ, ಅಥವಾ ಕೇಳಿಸಿಕೊಂಡವನೇ ಗೂಢಚಾರನಾಗಿರಬಹುದು. ವಾಜರು ಮಾಡಿದ ಉಪಾಯ ಬಹು ಸರಳ. ಕೊರಳಿಗೆ ಜಪಸರವನ್ನು ಹಾಕಿಕೊಂಡು ಮನೆಮನೆಯ ಬಾಗಿಲಲ್ಲಿ ಭಿಕ್ಷೆ ಬೇಡಿದರು. ಬೇಡುತ್ತ, ಭಿಕ್ಷೆ ಹಾಕುವವರ ಕಣ್ಣುಗಳು ಎಲ್ಲಿಗೆ ಹೋಗುತ್ತವೆಂದು ನೋಡಿದರು. ಹೀಗೆ ದಿನಗಳು ಕಳೆದವು. ಜಪಸರವನ್ನು ಕಂಡು ದೃಷ್ಟಿ ನಿಲ್ಲಿಸಿದ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡರು. ಕಡೆಗೆ, ವಿಶ್ವಾಸಕ್ಕೆ ಅರ್ಹವೆಂದು ತೋರಿದ ಒಂದು ಮನೆಯವರೊಡನೆ ಮಾತು ಬೆಳೆಸಿ, ಯಾಜಕರೊಬ್ಬರು ಬಂದರೆ ಸ್ವೀಕರಿಸುವಿರಾ ಎಂದು ವಿಚಾರಿಸಿ, ತಾವು ಯಾರೆಂಬುದನ್ನು ತಿಳಿಸಿದರು.

ಈ ಪ್ರಸಂಗದ ಮುಂದೆ ನಾನು ಸ್ವಲ್ಪ ಹೊತ್ತು ನಿಲ್ಲಬಯಸುತ್ತೇನೆ. ದೈವಪ್ರೇರಣೆಯೆಂದರೆ ಆಕಾಶವಾಣಿಯೆಂದೋ ಸ್ವಪ್ನವೆಂದೋ ಭಾವಿಸುವ ವಾಡಿಕೆ ನಮ್ಮಲ್ಲಿದೆ. ವಾಜರಿಗೆ ಜಾಫ್ನಾದಲ್ಲಿ ಇಂಥ ಮನೆಗೆ ಹೋಗೆಂದು ಯಾವ ದೇವದೂತನೂ ಹೇಳಲಿಲ್ಲ. ಅವರು ಪ್ರಾರ್ಥಿಸಿದರು, ಅನಂತರ ಕಣ್ಣು ತೆರೆದು ಜನರನ್ನು ನೋಡಿದರು. ತಪ್ಪು ಮನೆಯನ್ನು ಆರಿಸಿದ್ದರೆ ತಮ್ಮೊಬ್ಬರ ಪ್ರಾಣಕ್ಕೆ ಮಾತ್ರವಲ್ಲ, ನಂಬಿದವರ ಪ್ರಾಣಕ್ಕೂ ಅಪಾಯವಿತ್ತು. ಆದುದರಿಂದ ಆತುರಪಡಲಿಲ್ಲ. ಮನೆಯ ಒಳಗಿದ್ದವರ ಕಡೆಯಿಂದಲೂ ಇದನ್ನು ನೋಡಬೇಕು. ಮೂವತ್ತು ವರುಷ ಯಾಜಕರನ್ನು ಕಾಣದ ಮನೆಯ ಬಾಗಿಲಲ್ಲಿ ಒಬ್ಬ ಭಿಕ್ಷುಕ ನಿಂತಿದ್ದಾನೆ. ಅವನ ಕೊರಳಲ್ಲಿ ಶಿಲುಬೆ ತೂಗುವ ಮಣಿಸರವಿದೆ. ಆ ಮನೆಯಲ್ಲಿ ಸಂಜೆಯ ಜಪಸರ ಎಂದೋ ನಿಂತುಹೋಗಿದ್ದರೆ ಅದನ್ನು ಗುರುತಿಸುವವರು ಯಾರು? 1658ರಲ್ಲಿ ಹುಟ್ಟಿದ ಮಗುವಿಗೆ ಆಗ ಇಪ್ಪತ್ತೊಂಬತ್ತು ವರುಷ. ಅದು ತನ್ನ ಜೀವಮಾನದಲ್ಲಿ ಒಂದು ಬಲಿಪೂಜೆಯನ್ನೂ ನೋಡಿರಲಾರದು. ಅದಕ್ಕೆ ಮಣಿಸರದ ಅರ್ಥವನ್ನು ಹೇಳಿಕೊಟ್ಟವರು ಅಜ್ಜಿಯರು, ತಾಯಂದಿರು.

ಅನಂತರದ ಎರಡು ಮೂರು ವರುಷ ಸಿಲ್ಲಾಲೆ ಎಂಬ ಹಳ್ಳಿಯನ್ನು ನೆಲೆಯಾಗಿಸಿಕೊಂಡು ವಾಜರು ರಾತ್ರಿಯ ಹೊತ್ತು ಮನೆಗಳಲ್ಲಿ ಬಲಿಪೂಜೆ ಅರ್ಪಿಸಿದರು. ಸುದ್ದಿ ಹಬ್ಬಿತು. ಕ್ರಿಸ್ತಜಯಂತಿಯ ಇರುಳು ಡಚ್ ಅಧಿಕಾರಿಗಳು ಜಾಫ್ನಾದಲ್ಲಿ ಪೂಜೆಗೆ ಸೇರಿದ್ದ ಜನರ ಮೇಲೆ ಬಿದ್ದು ನೂರಾರು ಮಂದಿಯನ್ನು ಹಿಡಿದರು. ವಾಜರು ಕೈಗೆ ಸಿಗಲಿಲ್ಲ. ಅವರ ಬದಲಿಗೆ ಶಿಕ್ಷೆ ಅನುಭವಿಸಿದವರು ಗೃಹಸ್ಥರು: ಮುಖಂಡರನ್ನು ಛಡಿಯಿಂದ ಹೊಡೆದರು, ಡಚ್ ಸಭೆಯನ್ನು ಬಿಟ್ಟು ಕಥೋಲಿಕನಾಗಿದ್ದ ಒಬ್ಬನು ಆ ಏಟುಗಳಿಂದ ಮಡಿದನು, ಉಳಿದವರನ್ನು ಸಂಕೋಲೆ ಹಾಕಿ ಕೋಟೆಯ ಕೆಲಸಕ್ಕೆ ಹಚ್ಚಿದರು. ಇನ್ನೊಬ್ಬರ ಬೆನ್ನಿನ ಮೇಲೆ ಬಿದ್ದ ಏಟುಗಳ ಬೆಲೆಯಿಂದ ತಾವು ಉಳಿದೆವೆಂಬ ಭಾರವನ್ನು ಹೊತ್ತುಕೊಂಡೇ ವಾಜರು 1690ರ ಸುಮಾರಿಗೆ ಡಚ್ಚರ ಸೀಮೆಯನ್ನು ಬಿಟ್ಟು ಕ್ಯಾಂಡಿಯ ಅರಸನ ಸೀಮೆಯಾದ ಪುತ್ತಳಕ್ಕೆ ಹೋಗಿರಬೇಕು.

1692ರಲ್ಲಿ ರಾಜಧಾನಿಯಾದ ಕ್ಯಾಂಡಿಯನ್ನು ಪ್ರವೇಶಿಸುವ ಮೊದಲೇ ಅವರು ಪೋರ್ಚುಗೀಸರ ಗೂಢಚಾರರೆಂದು ಅರಸನ ಬಳಿಯಿದ್ದ ಫ್ರೆಂಚ್ ಕ್ಯಾಲ್ವಿನ್ ಮತದವನೊಬ್ಬನು ಚಾಡಿ ಹೇಳಿದ್ದನು. ಅರಸ ಎರಡನೆಯ ವಿಮಲಧರ್ಮಸೂರ್ಯನು ಅವರನ್ನು ಸೆರೆಯಲ್ಲಿಟ್ಟನು. ಅರಸನ ಶಂಕೆ ಅಕಾರಣವಾದುದಲ್ಲ. ಪೋರ್ಚುಗೀಸರು ತಮ್ಮ ಬಲದ ದಿನಗಳಲ್ಲಿ ಆ ದ್ವೀಪದ ದೇವಾಲಯಗಳನ್ನು ಕೆಡವಿದವರು, ಅವರ ಧರ್ಮವೇ ಈ ಭಿಕ್ಷುಕನ ಧರ್ಮವೂ ಆಗಿತ್ತು. ಹಿಂದಿನವರ ತಪ್ಪಿಗೆ ವಾಜರು ದಂಡ ತೆತ್ತರೆಂದರೂ ಸಲ್ಲುತ್ತದೆ. ಸೆರೆಯಲ್ಲಿ ಅವರು ಸಿಂಹಳ ಭಾಷೆಯನ್ನು ಕಲಿತರು. ಕಾವಲು ಸಡಿಲವಾದಂತೆ ಒಂದು ಗುಡಿಸಲನ್ನು ಕಟ್ಟಿಕೊಂಡು ಪೂಜೆ ಮಾಡತೊಡಗಿದರು. ನಗರದಲ್ಲಿದ್ದ ಕಥೋಲಿಕರು ಹೆದರುತ್ತ ಹೆದರುತ್ತ ಅಲ್ಲಿಗೆ ಬಂದರು. ಮುಂದೆ ಘೋರವಾದ ಅನಾವೃಷ್ಟಿ ಬಂದಾಗ ಅರಸನ ಕೋರಿಕೆಯಂತೆ ಅವರು ಬಯಲಿನಲ್ಲಿ ವೇದಿಕೆಯನ್ನು ಕಟ್ಟಿ ಶಿಲುಬೆಯನ್ನಿಟ್ಟು ಪ್ರಾರ್ಥಿಸಲು, ಧಾರಾಕಾರವಾಗಿ ಮಳೆ ಸುರಿಯಿತೆಂದೂ ಅವರೂ ವೇದಿಕೆಯೂ ಮಾತ್ರ ನೆನೆಯಲಿಲ್ಲವೆಂದೂ ಚರಿತ್ರೆಕಾರರು ಬರೆದಿದ್ದಾರೆ. ಅಂದಿನಿಂದ ಅವರಿಗೆ ರಾಜ್ಯದಲ್ಲೆಲ್ಲ ಸಂಚರಿಸುವ ಸ್ವಾತಂತ್ರ್ಯ ದೊರೆಯಿತು. ಭಕ್ತರು ಮಳೆಯ ಕಥೆಯನ್ನು ಹೆಚ್ಚು ಹೇಳುತ್ತಾರೆ. ನನಗೆ ಮಳೆಗಿಂತ ಆ ಗುಡಿಸಲು ದೊಡ್ಡದೆಂದು ಕಾಣುತ್ತದೆ.

ಕ್ರೈಸ್ತರಾದ ಡಚ್ಚರು ಬೇಟೆಯಾಡಿದ ಯಾಜಕನಿಗೆ ಬೌದ್ಧ ಅರಸನೊಬ್ಬನು ಆಶ್ರಯವಿತ್ತನು. ಈ ಋಣವನ್ನು ವಾಜರು ತೀರಿಸಿದ್ದು 1697ರಲ್ಲಿ. ಆ ವರುಷ ಕ್ಯಾಂಡಿಯಲ್ಲಿ ಸಿಡುಬು ಎದ್ದಿತು. ಅರಸನೂ ಪ್ರಮುಖರೂ ನಗರ ಬಿಟ್ಟರು. ಮನೆಯವರೇ ರೋಗಿಗಳನ್ನು ಕಾಡಿನಲ್ಲಿ ಬಿಟ್ಟುಬರುವ ಸ್ಥಿತಿ. ಗೋವೆಯಿಂದ ಬಂದು ಕೂಡಿಕೊಂಡಿದ್ದ ಬಂಧು ಯಾಜಕ ಜೋಸೆಫ್ ಕಾರ್ವಾಲ್ಯೊರೊಡನೆ ವಾಜರು ರೋಗಿಗಳನ್ನು ಹುಡುಕಿ ತಂದು, ಬಿಟ್ಟುಹೋದ ಮನೆಗಳಲ್ಲಿ ಮಲಗಿಸಿ, ಅಡುಗೆ ಮಾಡಿ ಉಣಿಸಿ, ಹುಣ್ಣುಗಳನ್ನು ತೊಳೆದು, ಸತ್ತವರನ್ನು ಹೂಳಿದರು. ಬೌದ್ಧರು, ಕ್ರೈಸ್ತರು ಎಂದು ಬೇರ್ಪಡಿಸಲಿಲ್ಲ. ಇಲ್ಲಿ ದೇವರ ಚಿತ್ತವೇನೆಂದು ಕೇಳುವುದಕ್ಕೆ ಅವರು ಕ್ಷಣವೂ ನಿಂತಂತೆ ಕಾಣುವುದಿಲ್ಲ. ಜಾಫ್ನಾದ ಬಾಗಿಲುಗಳಲ್ಲಿ ಅಷ್ಟು ದಿನ ಕಾದು ನೋಡಿದ ಮನುಷ್ಯರೇ ಇವರು ಎಂಬುದು ಗಮನಾರ್ಹ.

1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸರು ಸಿಂಹಳ, ತಮಿಳು ಭಾಷೆಗಳಲ್ಲಿ ಧರ್ಮಗ್ರಂಥಗಳನ್ನು ರಚಿಸಿ ವಾಜರ ಕೆಲಸಕ್ಕೆ ಭದ್ರವಾದ ಅಡಿಪಾಯ ಹಾಕಿದರು. ಅವರದು ಬೇರೆಯೇ ಒಂದು ಲೇಖನಕ್ಕೆ ಆಗುವಷ್ಟು ಕಥೆ. ವಾಜರಿಗೆ ಧರ್ಮಾಧ್ಯಕ್ಷ ಪದವಿಯ ಸೂಚನೆ ಬಂದಾಗ ಅವರು ಒಪ್ಪಲಿಲ್ಲ. ಗೋವೆಗೆ ಮರಳಲೂ ಇಲ್ಲ. ಬರಿಗಾಲಿನ ನಡಿಗೆ, ಜ್ವರ, ವ್ರಣಗಳಿಂದ ಸವೆದ ದೇಹ 1711ನೆಯ ಜನವರಿ 16ರ ರಾತ್ರಿ ಕ್ಯಾಂಡಿಯಲ್ಲಿ ಶಾಂತವಾಯಿತು. ವಯಸ್ಸು ಅರುವತ್ತು ತುಂಬಿರಲಿಲ್ಲ.

ಜಗದ್ಗುರು ಎರಡನೆಯ ಜಾನ್ ಪೌಲರು 1995ನೆಯ ಜನವರಿ 21ರಂದು ಕೊಲಂಬೊದಲ್ಲಿ ಅವರನ್ನು ಧನ್ಯರೆಂದು ಸಾರಿದರು. 2015ನೆಯ ಜನವರಿ 14ರಂದು, ಅದೇ ಗಾಲ್ ಫೇಸ್ ಬಯಲಿನಲ್ಲಿ, ಸಮುದ್ರದ ದಂಡೆಯವರೆಗೂ ನೆರೆದಿದ್ದ ಜನಸಾಗರದ ಮುಂದೆ ಜಗದ್ಗುರು ಫ್ರಾನ್ಸಿಸರು ಅವರನ್ನು ಸಂತರ ಸಾಲಿಗೆ ಸೇರಿಸಿದರು. ಕ್ಯಾಂಡಿಯಲ್ಲಿ ಅವರನ್ನು ಹೂಳಿದ ಇಗರ್ಜಿ ಮಾತ್ರ ಅವರ ಅನಂತರದ ಕಿರುಕುಳದ ವರ್ಷಗಳಲ್ಲಿ ಅಳಿದುಹೋಯಿತು. ಸಮಾಧಿ ಇದ್ದ ಜಾಗ ಇಂದಿಗೂ ನಿಶ್ಚಿತವಾಗಿ ಪತ್ತೆಯಾಗಿಲ್ಲ.